ಗುಳಿಗಿಗೂ ಸಾಯದ ಹುಳ

ಅಂಗಡಿಯ ಮೇಲಿನ ಫ್ಲೆಕ್ಸಿನ ಮಾತು ವಿಶ್ವರಾಧ್ಯನದೇ. ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದೆ ಹಿಂಡಿ, ಬೂಸಾ ಮಾರುತ್ತಿದ್ದವನು ಈಚೆಗೆ ನಾಯಿ ಬಿಸ್ಕತ್ತು, ಬೆಕ್ಕಿನ ತಿಂಡಿಯನ್ನೂ ಇಟ್ಟಿದ್ದ. ಹೊಟ್ಟೆ ಕೆಟ್ಟ ಪ್ರಾಣಿಗಳಿಗೆ ಕೊಡುವ ಪ್ರೋಬಯೋಟಿಕ್ ಪುಡಿ ಬಂದಾಗ ಅದೇನೆಂದು ಯಾರಿಗೂ ತಿಳಿಯಲಿಲ್ಲ. ಮೊಸರಿನಲ್ಲಿರುವಂಥ, ಕಣ್ಣಿಗೆ ಕಾಣದ ಒಳ್ಳೆಯ ಹುಳ ಎಂದು ಅವನೇ ಬಿಡಿಸಿ ಹೇಳಿದ. ಆಂಟಿಬಯೋಟಿಕ್ ಜೊತೆಗೂ ಕೊಡಬಹುದು ಎಂದು ಡಬ್ಬಿಯ ಮೇಲಿತ್ತು. ಅದನ್ನು ತನ್ನ ಭಾಷೆಗೆ ತಿರುಗಿಸಿ ಅಂಗಡಿಯ ಮೇಲೆ ಕಟ್ಟಿಸಿದ: ‘ಗುಳಿಗಿಗೂ ಸಾಯದ ಹುಳ.’ ಎದುರಿನ ಚಹಾದಂಗಡಿಯ ಚಾಂದಪಾಶಾ ಓದಿ ಓದಿ ನಕ್ಕ. ಡಬ್ಬಿಗಳು ಮಾತ್ರ ಖರ್ಚಾದವು.

ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಓದುವ ಸಂಘಮಿತ್ರಾ ಪ್ರಾಜೆಕ್ಟಿಗೆಂದು ಒಂದು ಡಬ್ಬಿ ಒಯ್ದಿದ್ದಳು. ಸೋಮವಾರ ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಗಾಜಿನ ತಟ್ಟೆ, ಅದರ ತುಂಬ ಮಸುಕು ಬಿಳಿ ಪೊರೆ, ಅಲ್ಲಲ್ಲಿ ಆರು ಕಾಗದದ ಬಿಲ್ಲೆ.

“ಅಣ್ಣಾರ, ಇವು ಪುಡಿಯೊಳಗಿನ ಹುಳ. ಒಂದೊಂದು ಬಿಲ್ಲಿಗೆ ಒಂದೊಂದು ಔಷಧ ಹಾಕೀವಿ. ಔಷಧ ನಾಟಿದ್ರ ಸುತ್ತ ಖಾಲಿ ಆಗ್ತದ. ಈ ಎರಡು ಬಿಲ್ಲಿ ನೋಡ್ರಿ, ಹುಳ ಅಂಚಿನ ತನಕ ಬೆಳದಾವ.”

“ಅಂದ್ರ ಸತ್ತಿಲ್ಲ?”

“ಸತ್ತಿಲ್ರಿ.”

“ಮತ್ತ ನಾ ಏನಂದಿದ್ದೆ!” ವಿಶ್ವರಾಧ್ಯ ಕೌಂಟರಿಗೆ ಗುದ್ದಿದ. “ಈ ಫೋಟೋ ಕಳಸವ್ವಾ, ಫ್ಲೆಕ್ಸಿಗೆ ಹಾಕಸ್ತೀನಿ.”

ಸಂಘಮಿತ್ರಾ ನಗಲಿಲ್ಲ. “ಸಾಯದಿರೋ ಗುಣ ತಮ್ಮಷ್ಟಕ್ಕೇ ಇಟ್ಕೊಳ್ಳಂಗಿಲ್ರಿ ಅವು. ಹೊಟ್ಟಿಯೊಳಗ ರೋಗದ ಹುಳಕ್ಕೂ ದಾಟಸಬಹುದು. ಆಮ್ಯಾಲ ಆ ರೋಗಕ್ಕೂ ಔಷಧ ನಾಟಂಗಿಲ್ಲ. ಬೆಕ್ಕಿಗಷ್ಟೇ ಅಲ್ಲ, ಬೆಕ್ಕು ನೆಕ್ಕಿದವರಿಗೂ ಅದೇ ಹಣೇಬರಹ.”

“ದಾಟಸ್ತಾವೋ, ದಾಟಸಬಹುದೋ?”

“ಬಹುದು. ಖಾತ್ರಿಗೆ ಇನ್ನೊಂದು ಪರೀಕ್ಷೆ ಬೇಕು. ಕಾಲೇಜಿನವರು ಹೊರಗಿನ ಲ್ಯಾಬಿಗೆ ಕಳಿಸ್ಯಾರ.”

“ಹಂಗಾರ ಅದು ಬಂದ ಮ್ಯಾಲ ಹೇಳು,” ಎಂದು ಮೊಬೈಲ್ ಅವಳ ಕಡೆ ಸರಿಸಿದ.

ಅವಳು ಹೋದ ಮೇಲೆ ಅವನಿಗೆ ಗೌಹರಬೇಗಂ ನೆನಪಾದಳು. ಸಕ್ಕರೆ ಕಾಯಿಲೆಯ ಹೆಂಗಸು. ಕಾಲ್ಬೆರಳಿನ ಹುಣ್ಣು ಮಾಯುತ್ತಿರಲಿಲ್ಲ. ಡಾಕ್ಟರು ಎರಡು ಸಲ ಗುಳಿಗೆ ಬದಲಿಸಿದ್ದರು. ಅವಳ ಬೆಕ್ಕಿಗೆ ತಿಂಗಳಿಂದ ಇದೇ ಪುಡಿ. ಬೆಕ್ಕು ಕಾಲಬಳಿಯೇ ಮಲಗುತ್ತದೆ, ಪಟ್ಟಿ ನೆಕ್ಕುತ್ತದೆ ಎಂದು ಅವಳೇ ಹಿಗ್ಗಿನಿಂದ ಹೇಳಿದ್ದಳು. ಪುಡಿಗೂ ಹುಣ್ಣಿಗೂ ಸಂಬಂಧವಿದೆಯೆಂದು ಯಾರೂ ಹೇಳಿರಲಿಲ್ಲ. ಇಲ್ಲವೆಂದೂ ಹೇಳಿರಲಿಲ್ಲ. ನಾಳೆ ಅವಳು ಡಬ್ಬಿಗೆ ಬರುವ ದಿನ.

ಮಂಗಳವಾರ ಆಟೋ ಅಂಗಡಿಗೆ ಒತ್ತಿ ನಿಂತಿತು. ಗೌಹರಬೇಗಂ ಕೂತಲ್ಲಿಂದಲೇ ಕೈ ಚಾಚಿದಳು. ಕಾಲಿಗೆ ಹೊಸ ಪಟ್ಟಿ.

“ಖಾಲಿ ಆಗ್ಯಾವ, ಚಾಚಿ.”

“ಅರೆ, ಸಕ್ಕರಿ ಕಾಲಿಗಷ್ಟೇ ಬಂದದ, ಕಣ್ಣಿಗಲ್ಲ. ನಿನ್ನ ತಲಿ ಹಿಂದ ಏಳೆಂಟು ಕುಂತಾವಲ್ಲೋ!”

ವಿಶ್ವರಾಧ್ಯ ಹಿಂದೆ ತಿರುಗಿ ನೋಡುವ ಅಗತ್ಯವಿರಲಿಲ್ಲ. ಆದರೂ ನೋಡಿದ.

“ಅದರಾಗಿನ ಹುಳ ಸಾಯಂಗಿಲ್ರಿ, ಚಾಚಿ.”

“ಗೊತ್ತದ. ಅದಕ್ಕೇ ಒಯ್ತೀನಿ. ಮ್ಯಾಲ ಬರಸೀದಿ ಅಲ್ಲ?”

“ಅದೇ ತ್ರಾಸು.”

ಅಂಗಡಿಯಿಂದಿಳಿದು ಆಟೋದ ಬದಿಗೆ ನಿಂತು ಹೇಳಿದ. ತಟ್ಟೆ, ಬಿಲ್ಲೆ, ದಾಟುವ ಗುಣ, ಬೆಕ್ಕಿನ ನಾಲಿಗೆ. ‘ಬಹುದು’ ಎಂಬುದನ್ನು ಬಿಡದೆ ಹೇಳಿದ. ಗೌಹರಬೇಗಂ ಕಾಲಿನ ಪಟ್ಟಿ ನೋಡುತ್ತ ಕೇಳಿದಳು.

“ಡಾಕ್ಟರಿಗೆ ಬೆಕ್ಕಿನ ಮಾತು ನಾ ಹೇಳೇ ಇಲ್ಲ.”

“ಇವತ್ತ ಹೇಳ್ರಿ. ಡಬ್ಬಿನೂ ತೋರಸ್ರಿ.” ಒಂದು ಡಬ್ಬಿಯ ಬಾಯಿಗೆ ಟೇಪು ಸುತ್ತಿ ಕೊಟ್ಟ. “ಬೆಕ್ಕಿಗೆ ಮಾತ್ರ ಹಾಕಬ್ಯಾಡ್ರಿ. ಬೆಕ್ಕನ್ನ ಕಾಲಿನ ಹತ್ರನೂ ಬಿಡಬ್ಯಾಡ್ರಿ.”

“ಮೊದಲ ಯಾಕ ಹೇಳಲಿಲ್ಲೋ, ಬೇಟಾ?”

“ನನಗ ಗೊತ್ತಿರಲಿಲ್ಲ.”

“ಗೊತ್ತಿಲ್ಲದೇ ಅಷ್ಟು ದೊಡ್ಡ ಅಕ್ಷರದಾಗ ಬರಸಿದ್ಯಾ?”

ಅವಳು ಉತ್ತರಕ್ಕೆ ಕಾಯದೆ, ದವಾಖಾನೆಗೆ ಹೊಡಿ ಎಂದು ಆಟೋದವನಿಗೆ ಹೇಳಿದಳು.

ವಿಶ್ವರಾಧ್ಯ ಉಳಿದ ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿದ. ಆಮೇಲೆ ಸ್ಟೂಲು ತಂದು ಹತ್ತಿ, ಫ್ಲೆಕ್ಸಿನ ಹಗ್ಗ ಕೊಯ್ಯತೊಡಗಿದ. ಎದುರಿನಿಂದ ಚಾಂದಪಾಶಾ ಕೂಗಿದ: “ಏನೋ ಸಾಹುಕಾರ, ಹುಳ ಸತ್ತವೇನು?”

“ಇಲ್ಲೋ, ಸತ್ತಿಲ್ಲ,” ಎಂದ ವಿಶ್ವರಾಧ್ಯ. “ಅದಕ್ಕ ಇಳಸಾಕತ್ತೀನಿ.”