ಬೆಳಕಿಗೆ ಹಿಡಿದ ಟೋಪಿ

ನಮ್ಮ ಪಿಲೆ ಊರಿನಲ್ಲಿ ಟೋಪಿ ಹೆಣೆಯುವವರಿಗೆ ದಿನವೆಂದರೆ ಇಡೀ ದಿನವಲ್ಲ. ನಸುಕಿನಿಂದ ಒಂಬತ್ತರವರೆಗೆ, ತಾಳೆಯಂಥ ಗಿಡದ ಗರಿ ಸೀಳಿ ತೆಗೆದ ಎಳೆ ಮೆತ್ತಗಿರುತ್ತದೆ, ಬೆರಳು ಹೇಳಿದ್ದು ಕೇಳುತ್ತದೆ. ಬಿಸಿಲೇರಿತೋ, ಒಣಗಿ ಪಟಕ್ಕೆಂದು ಮುರಿಯುತ್ತದೆ. ಸಂಜೆ ಇನ್ನೊಂದಿಷ್ಟು ತಂಪು ಸಿಕ್ಕೀತು, ಅಷ್ಟೆ. ಬೆಳಗಿನ ಆ ನಾಲ್ಕು ತಾಸು ಹೋದರೆ ಆ ದಿನವೇ ಹೋದ ಹಾಗೆ.

ಸೆನೋವಿಯಾಳ ದಿನಗಳು ಹಾಗೆ ಹೋಗುತ್ತಿದ್ದವು.

ಅವಳ ಗಂಡ ಉಲ್ಬಿಯೊ ಸಮುದ್ರದಾಚೆ ಸ್ಪೇನಿನ ಸೊಪ್ಪಿನ ಹೊಲಗಳಿಗೆ ದುಡಿಯಲು ಹೋಗಿ ಮೂರು ವರ್ಷವಾಗಿತ್ತು. ಅಲ್ಲಿ ಅವನಿಗೆ ಊಟದ ಬಿಡುವು ಸಿಗುವಾಗ ಇಲ್ಲಿ ಬೆಳಿಗ್ಗೆ ಆರೂವರೆ. ಎಳೆ ಅತ್ಯಂತ ಮೆತ್ತಗಿರುವ ಹೊತ್ತು ಅದೇ. ಸೆನೋವಿಯಾ ಟೋಪಿ ಕೂರಿಸುವ ಮೋಟು ಕಂಬದ ಮೇಲಿನ ದಿಂಬಿಗೆ ಎದೆಯೊತ್ತಿ, ಬಾಗಿ ನಿಂತು ಹೆಣೆಯುವಳು. ಫೋನು ಪಕ್ಕದಲ್ಲೇ ಇರುವುದು. ಟಿಣ್ ಎಂದರೆ ಒದ್ದೆ ಬೆರಳನ್ನು ಲಂಗಕ್ಕೆ ಒರೆಸಿಕೊಂಡು ನೋಡುವಳು. ಟಿಣ್ ಎನ್ನದಿದ್ದರೆ, ಯಾಕೆ ಎನ್ನಲಿಲ್ಲವೆಂದು ನೋಡುವಳು.

ಅವಳು ಅಲ್ಲಿಯವರೆಗೆ ಹೆಣೆಯುತ್ತಿದ್ದದ್ದು ದಪ್ಪ ಎಳೆಯ ಸಾಧಾರಣ ಟೋಪಿ. ಅದರಿಂದ ಮನೆ ನಡೆಯುತ್ತಿರಲಿಲ್ಲ. ನಯದ ಟೋಪಿ ಹೆಣೆಯುವ ಹೆಂಗಸರ ಸಂಘಕ್ಕೆ ಸೇರಿದರೆ ನಡೆಯುತ್ತಿತ್ತು. ಸೇರಬೇಕಾದರೆ ಒಂದು ನಯದ ಟೋಪಿ ಹೆಣೆದು ಒಪ್ಪಿಗೆ ಪಡೆಯಬೇಕು.

ಉಲ್ಬಿಯೊ ಹೇಳಿದ್ದ: "ಕ್ರಿಸ್ಮಸ್ ಒಳಗೆ ಇಲ್ಲಿ ಇನ್ನೊಂದು ವರ್ಷಕ್ಕೆ ಸಹಿ ಹಾಕಬೇಕು ಕಣೇ. ನಿನ್ನ ಟೋಪಿ ಒಪ್ಪಿಗೆ ಆಯ್ತು ಅಂದ್ರೆ ಹಾಕಲ್ಲ. ಬಂದ್ಬಿಡ್ತೀನಿ."

ಅಕ್ಟೋಬರ್ ಕೊನೆಗೆ ಸೆನೋವಿಯಾ ಅರ್ಧ ಹೆಣೆದ ಟೋಪಿಯನ್ನು ಸಂಘದ ಹಿರಿಯಜ್ಜಿ ರಮೋನಾಳ ಬಳಿಗೆ ಒಯ್ದಳು. ರಮೋನಾ ಅದನ್ನು ಬಾಗಿಲಿನ ಬೆಳಕಿಗೆ ಎತ್ತಿ ಹಿಡಿದು ಮೆಲ್ಲಗೆ ತಿರುಗಿಸಿದಳು.

"ಇಲ್ಲಿ ಫೋನ್ ಬಂತು," ಎಂದಳು. ಇನ್ನಷ್ಟು ತಿರುಗಿಸಿದಳು. "ಇಲ್ಲಿ ಮತ್ತೆ ಬಂತು. ಇಲ್ಲಿ ಪಕ್ಕದ್ಮನೆಯವಳು ಕಾಫಿಗೆ ಬಂದ್ಲು. ಇಲ್ಲಂತೂ ನೀನು ಮನೇಲೇ ಇರ್ಲಿಲ್ಲ, ತಾಯಿ."

"ಅಜ್ಜೀ, ಟೋಪಿ ನೋಡ್ತಿದೀರೋ, ಕಣಿ ಹೇಳ್ತಿದೀರೋ?"

"ಕಣಿ ಯಾಕೆ? ನೀನೇ ಬರೆದು ತಂದಿದೀಯಲ್ಲ. ನೋಡು."

ಸೆನೋವಿಯಾ ನೋಡಿದಳು. ನೆತ್ತಿಯಿಂದ ಸುತ್ತು ಸುತ್ತಾಗಿ ಇಳಿದ ಹೆಣಿಗೆಯಲ್ಲಿ ಏಳು ಕಡೆ ಬೆಳಕು ದೊಡ್ಡದಾಗಿ ನುಸುಳುತ್ತಿತ್ತು. ಎಳೆ ದಾಟಬೇಕಾದ ಕಡೆ ದಾಟಿರಲಿಲ್ಲ. ಬಿಚ್ಚಿ ಸರಿಪಡಿಸೋಣವೆಂದರೆ ಒಮ್ಮೆ ಮಡಿದ ಎಳೆ ಮತ್ತೆ ನೆಟ್ಟಗಾಗುವುದಿಲ್ಲ.

"ಮೊದಲಿಂದ ಶುರು ಮಾಡು," ಎಂದಳು ರಮೋನಾ.

"ಎಂಟೇ ವಾರ ಇರೋದು! ನಾನೇನು ಹರಟೆ ಹೊಡೀತಾ ಕೂತಿದ್ನಾ? ನೋಡಿದ್ರೆ ಎರಡು ನಿಮಿಷ."

"ಕಣ್ಣಿಗೆ ಎರಡು ನಿಮಿಷ. ಸ್ಪೇನಿಗೆ ಹೋದ ಮನಸ್ಸು ವಾಪಸ್ ಬರೋಕೆ ಎಷ್ಟು ಹೊತ್ತು?"

ಸೆನೋವಿಯಾ ಟೋಪಿಯನ್ನು ಮಡಿಲಿಗೆ ಎಳೆದುಕೊಂಡು ಅಂದಳು, "ನಿಮಗೆ ಗೊತ್ತಾಗಲ್ಲ ಅಜ್ಜಿ. ಅದೊಂದು ಟಿಣ್ ಕೇಳಿದ್ರೇನೇ ನನಗೆ ಬೆಳಗಾಗೋದು."

ರಮೋನಾ ನಕ್ಕಳು. "ನನ್ನ ಗಂಡ ಮೀನಿಗೆ ಹೋದ್ರೆ ಹದಿನೈದು ದಿನ. ಆಗ ಫೋನ್ ಎಲ್ಲಿತ್ತು? ಒಂದೊಂದು ಸುತ್ತಿಗೂ ಬಾಗಿಲಿಗೆ ಓಡಿ ಸಮುದ್ರ ನೋಡ್ತಿದ್ದೆ. ನಮ್ಮಮ್ಮ ಒಂದು ದಿನ ನನ್ನ ಕಂಬಾನೇ ಗೋಡೆ ಕಡೆ ತಿರುಗಿಸಿಟ್ಲು."

"ಗೋಡೆ ನೋಡಿದ್ರೆ ಮರೆತು ಹೋಗುತ್ತಾ?"

"ಮರೆಯೋಕಲ್ಲ ಕಣೇ. ನೆನಪಿಗೂ ಒಂದು ಹೊತ್ತು ಅಂತ ಕೊಡೋಕೆ. ನಾನು ನೋಡ್ತಾ ನಿಂತಿದ್ದ ದಿನವೂ ದೋಣಿ ಬಂತು, ನೋಡದ ದಿನವೂ ಬಂತು. ನೋಡಿದ್ದಕ್ಕೆ ಬೇಗ ಬರ್ಲಿಲ್ಲ."

ಆಮೇಲೆ ಮಾಡಬೇಕಾದ್ದನ್ನು ಹೇಳಿದಳು. ಹೆಣೆಯುವ ಹೊತ್ತಿನಲ್ಲಿ ಫೋನಿನ ಸದ್ದು ನಿಲ್ಲಿಸಿ, ಅಡುಗೆಮನೆಯ ಖಾಲಿ ಅನ್ನದ ಪಾತ್ರೆಯಲ್ಲಿಟ್ಟು ಮುಚ್ಚಳ ಮುಚ್ಚು. ನಿಜವಾಗಿಯೂ ತುರ್ತಾದರೆ ನಿನ್ನ ಗಂಡ ನಮ್ಮ ಮನೆಗೆ ಫೋನ್ ಮಾಡಲಿ, ನಾನೇ ಬಂದು ಕರೆಯುತ್ತೇನೆ. ಬಾಗಿಲಿಗೆ ಹಳೆಯ ಟೋಪಿಯೊಂದನ್ನು ನೇತುಹಾಕು, ಅದು ಇರುವಷ್ಟು ಹೊತ್ತು ಕಾಫಿಯಿಲ್ಲವೆಂದು ಪಕ್ಕದ ಮನೆಗೆ ಹೇಳು. ಹಿಡಿದ ಸುತ್ತು ಮುಗಿಯದೆ ಕಂಬ ಬಿಡಬೇಡ. ಮನಸ್ಸು ಅನ್ನದ ಪಾತ್ರೆಗೆ ಓಡಿದಾಗಲೆಲ್ಲ ಒಂದು ಜೋಳದ ಕಾಳನ್ನು ಬಟ್ಟಲಿಗೆ ಹಾಕಿ, ಬೈದುಕೊಳ್ಳದೆ, ಎಳೆಗೆ ಮರಳು.

ಸುದ್ದಿ ಕೇಳಿ ಉಲ್ಬಿಯೊ ಮೊದಲು ತಮಾಷೆ ಮಾಡಿದ. "ಗಂಡನ್ನ ಅನ್ನದ ಪಾತ್ರೆಗೆ ಹಾಕ್ತೀಯಾ? ಉಪ್ಪಾದ್ರೂ ಹಾಕು."

"ಹತ್ತು ಗಂಟೆಗೆ ನಾನೇ ಮಾಡ್ತೀನಿ. ಆಗ ನಿಂಗೂ ಕೆಲಸ ಮುಗಿದಿರುತ್ತೆ."

"ನನ್ನ ಬಿಡುವಲ್ಲಿ ನಾನು ಯಾರ ಹತ್ರ ಮಾತಾಡ್ಲಿ? ಸೊಪ್ಪಿನ ಹತ್ರಾನಾ?"

ಎರಡು ದಿನ ಅವನು ಮುನಿದ. ಹತ್ತಕ್ಕೆ ಇವಳು ಕರೆದರೂ ಎತ್ತಲಿಲ್ಲ. ಆ ಎರಡು ದಿನ ಬಟ್ಟಲಲ್ಲಿ ಕಾಳು ತುಂಬಿತು. ಎಳೆಗೆ ನೀರು ಹಚ್ಚುವ ಬೋಗುಣಿಯ ನೀರಿಗಿಂತ ಕಣ್ಣಿನ ನೀರೇ ಹತ್ತಿರವಿತ್ತು. ಆದರೂ ಅವಳು ಸುತ್ತು ಮುಗಿಸಿಯೇ ಕಂಬ ಬಿಟ್ಟಳು.

ಮೂರನೆಯ ದಿನ ಒಂಬತ್ತಕ್ಕೆ ಬಿಸಿಲು ಬಂತು. ಬಾಳೆಕಾಯಿ ಸುಟ್ಟು, ಕಡಲೆಕಾಯಿ ಅರೆದು ಹಚ್ಚಿ ತಿಂದು, ಹತ್ತಕ್ಕೆ ಮುಚ್ಚಳ ತೆಗೆದಳು. ಅವನ ದನಿಯ ಐದು ಸಂದೇಶಗಳು ಕಾದಿದ್ದವು. ಕಾಲು ಚಾಚಿ ಕುಳಿತು ಒಂದೊಂದಾಗಿ ಕೇಳಿದಳು. ಅವನ ಹಿಂದೆ ಗಾಳಿ ಬೀಸುವುದು ಕೇಳಿಸಿತು. ಮಾತಿನ ನಡುವೆ ಇನ್ನೊಂದೂ ಕೇಳಿಸಿತು. ಕೂಡಲೇ ಕರೆದಳು.

"ಉಲ್ಬಿಯೊ, ಕೆಮ್ಮು ಯಾವಾಗಿಂದ?"

"ಮೂರು ವಾರ ಆಯ್ತು. ಹೇಳಿದ್ನಲ್ಲೇ ಆಗ್ಲೇ, ಎರಡು ಸಲ. ನೀನು ಹ್ಞೂಂ ಹ್ಞೂಂ ಅಂದೆ."

ಸೆನೋವಿಯಾ ಮೂರು ವಾರ ಅವನ ದನಿಗಾಗಿ ಹೆಣಿಗೆ ಕೆಡಿಸಿದ್ದಳು. ಆ ದನಿಯನ್ನೂ ಕೇಳಿರಲಿಲ್ಲ.

"ನಾಳೆ ಡಾಕ್ಟರ ಹತ್ರ ಹೋಗು," ಎಂದಳು. "ಹೋಗಿ ಬಂದು ಎಲ್ಲಾ ಹೇಳು. ಹತ್ತು ಗಂಟೆಗೆ ಪೂರ್ತಿ ನಿನ್ನ ಜೊತೇಲೇ ಇರ್ತೀನಿ."

"ಸರಿ ಕಣೇ. ಪಾತ್ರೇಲೇ ಇರ್ತೀನಿ," ಎಂದ.

ಡಾಕ್ಟರು ಔಷಧ ಕೊಟ್ಟರು, ಕೆಮ್ಮು ಇಳಿಯಿತು. ಬಟ್ಟಲಿನ ಕಾಳೂ ಇಳಿಯಿತು: ಮೊದಲ ದಿನ ಇಪ್ಪತ್ತಾರು, ನವೆಂಬರ್ ಮುಗಿಯುವಾಗ ನಾಲ್ಕೈದು. ಸೊನ್ನೆ ಮಾತ್ರ ಎಂದೂ ಆಗಲಿಲ್ಲ.

ಡಿಸೆಂಬರ್ ಇಪ್ಪತ್ತರ ಬೆಳಿಗ್ಗೆ ರಮೋನಾ ಹೊಸ ಟೋಪಿಯನ್ನು ಬಾಗಿಲಿನ ಬೆಳಕಿಗೆ ಹಿಡಿದಳು. ಸುತ್ತುಗಳು ನೀರಿನ ಅಲೆಯಂತೆ ಸಮವಾಗಿ ಹರಡಿದ್ದವು. ನೆತ್ತಿಯ ಹತ್ತಿರ ಒಂದೇ ಒಂದು ಕಡೆ ಬೆಳಕು ಚೂರು ಹೆಚ್ಚು ನುಸುಳಿತು.

"ಇಲ್ಲಿ ಫೋನ್ ಬಂತಾ?"

"ಇಲ್ಲ ಅಜ್ಜಿ. ಅದು ಅವನು ಮುನಿದು, ಫೋನೇ ಬರದೇ ಇದ್ದ ದಿನ."

ರಮೋನಾ ಆ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. "ಇದಕ್ಕೆ ನನ್ನ ಹತ್ರ ಮದ್ದಿಲ್ಲ. ಇರ್ಲಿ," ಎಂದು ಟೋಪಿಯನ್ನು ಒಪ್ಪಿಗೆಯಾದವುಗಳ ಸಾಲಿಗಿಟ್ಟಳು.

ಸೆನೋವಿಯಾ ಮನೆಗೆ ಬಂದಾಗ ಆರೂವರೆ. ಅಲ್ಲಿ ಅವನ ಊಟದ ಹೊತ್ತು. ಕೈ ಅನ್ನದ ಪಾತ್ರೆಯ ಮುಚ್ಚಳದವರೆಗೂ ಹೋಯಿತು. ಅಷ್ಟರಲ್ಲಿ ಕಂಬದ ಮೇಲಿನ ಎಳೆಗಳನ್ನು ಮುಟ್ಟಿದಳು, ಇನ್ನೂ ಮೆತ್ತಗಿದ್ದವು. ಬಟ್ಟಲಿಗೆ ಒಂದು ಕಾಳು ಹಾಕಿ, ಸಂಘದ ಮೊದಲ ಟೋಪಿ ಶುರುಮಾಡಿದಳು.

ಹತ್ತು ಗಂಟೆಗೆ ಕರೆದು ಹೇಳಿದಳು: "ಸಹಿ ಹಾಕ್ಬೇಡ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕೈಯಲ್ಲಿರುವುದು ಗರಿಯ ಎಳೆಯೋ, ಹೊಲಿಗೆಯ ಬಟ್ಟೆಯೋ, ಕಂಪ್ಯೂಟರೋ, ಏನೇ ಇರಲಿ, ನಿಮ್ಮ ದಿನಕ್ಕೂ ಎಳೆ ಮೆತ್ತಗಿರುವ ಹೊತ್ತೊಂದಿದೆ. ಅದು ಯಾವುದೆಂದು ಗುರುತಿಸಿ. ಆ ಹೊತ್ತಿಗೆ ಫೋನನ್ನು ಕಣ್ಣಿಗೆ ಕಾಣದಲ್ಲಿಡಿ, ಬಾಗಿಲಿಗೆ ನಿಮ್ಮದೊಂದು ಗುರುತು ಹಾಕಿ, ಹಿಡಿದ ಸುತ್ತು ಮುಗಿಸಿ ಏಳಿ. ಮನಸ್ಸು ಓಡುತ್ತದೆ, ಓಡಲಿ. ಕಾಳು ಹಾಕಿ ಕರೆದುಕೊಂಡು ಬನ್ನಿ. ಯಾರಿಗಾಗಿ ದುಡಿಯುತ್ತಿದ್ದೀರೋ ಅವರಿಗೂ ಒಂದು ಹೊತ್ತು ಕೊಡಿ, ಆಗ ಕೆಲಸವನ್ನು ಕೆಳಗಿಡಿ. ನಾಳೆ ಬೆಳಿಗ್ಗೆಯೇ ನೋಡಿ. ನಿಮ್ಮ ಮನೆಯಲ್ಲೂ ಮುಚ್ಚಳವಿರುವ ಪಾತ್ರೆ ಒಂದಾದರೂ ಇದ್ದೇ ಇದೆ.