ತೋಳಿನ ಕೆಳಗಿನ ಗುರುತು

“ಅಂಗಿ ಬಿಚ್ಚಿ. ಎರಡೂ ಕೈ ಮೇಲೆ,” ಎಂದ ಗುಮಾಸ್ತ, ತಲೆ ಎತ್ತದೆ.

ಸಾಲಿನಲ್ಲಿ ಮೂರನೆಯವನಾಗಿ ನಿಂತಿದ್ದ ಅಮೋಸ್ ಪಾರ್ಗಿಟರ್ ಎಡತೋಳನ್ನು ಪಕ್ಕೆಗೆ ಒತ್ತಿಕೊಂಡ. ಮುದಿ ಸಿಪಾಯಿಗಳು ಸಾಯುವತನಕ ಇರುವ ಈ ಆಸ್ಪತ್ರೆಗೆ ಅವನು ಸೇರಿ ಒಂಬತ್ತು ವರ್ಷ. ಹೋದ ತಿಂಗಳು, ಸತ್ತ ಸಿಪಾಯಿಯೊಬ್ಬನ ಹೆಸರಿನಲ್ಲಿ ಇನ್ಯಾರೋ ಬಂದು ಮಂಚ ಹಿಡಿದಿದ್ದು ಬಯಲಾಗಿ, ಎಲ್ಲರ ಮೈಮೇಲಿನ ಗುರುತುಗಳನ್ನೂ ಇನ್ನು ಮೇಲೆ ದಾಖಲಿಸಬೇಕೆಂದು ಅಪ್ಪಣೆಯಾಗಿತ್ತು. ಮುದುಕರ ಸುಕ್ಕು ಮೈ ನೋಡಲು ಗುಮಾಸ್ತನಿಗೆ ಹೇಸಿಗೆ. ಹಾಗಾಗಿ ಪಕ್ಕದ ಮಂಚದವನು ನೋಡಿ ಕೂಗುವುದು, ಇವನು ಬರೆದುಕೊಳ್ಳುವುದು.

ಅಮೋಸನ ಎಡ ಕಂಕುಳ ಕೆಳಗೆ ‘ಡಿ’ ಅಕ್ಷರವಿತ್ತು; ‘ಡಿಸರ್ಟರ್’, ಅಂದರೆ ಓಡಿಹೋದವನು ಎಂಬುದರ ಗುರುತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದಂಡು ಬಿಟ್ಟು ಓಡಿ ಸಿಕ್ಕಿಬಿದ್ದಾಗ ಸೂಜಿಯಿಂದ ಚುಚ್ಚಿ, ಕೋವಿಮದ್ದಿನ ಪುಡಿ ತಿಕ್ಕಿದ್ದರು. ಮತ್ತೆ ಓಡಿದ. ಯುದ್ಧದ ಅವಸರದಲ್ಲಿ ಬೇರೆ ರೆಜಿಮೆಂಟಿನವರು ಮೈ ನೋಡದೆ, ಹೇಳಿದ ಹೆಸರನ್ನೇ ನಂಬಿ ಸೇರಿಸಿಕೊಂಡರು. ಅಲ್ಲಿ ಇಪ್ಪತ್ತೆರಡು ವರ್ಷ ನೆಟ್ಟಗೆ ದುಡಿದ, ಒಂದು ಕಾಲನ್ನೂ ಕೊಟ್ಟ. ಆದರೆ ಓಡಿಹೋದವನಿಗೆ ಇಲ್ಲಿ ಜಾಗವಿಲ್ಲ. ಹೊರಗೆ ಜನವರಿಯ ಹಿಮ; ತನ್ನವರೆಂಬವರು ಯಾರೂ ಇರಲಿಲ್ಲ.

ಅವನ ಸರದಿ ಬಂತು. “ಏನೋ, ಮದುವೆ ಹೆಣ್ಣಿನ ಹಂಗೆ ನಡುಗ್ತಿದೀಯಲ್ಲ! ಎತ್ತೋ ಕೈನ,” ಎಂದ ಪಕ್ಕದ ಮಂಚದ ಟ್ರಾಂಟರ್. ಸಾಲಿನವರು ನಕ್ಕರು.

“ಚಳಿ ಕಣೋ,” ಎಂದು ಅಮೋಸ್ ಕೈ ಎತ್ತಿದ.

ಟ್ರಾಂಟರನ ನಗು ನಿಂತಿತು. ಅವನ ಬಿಸಿಯುಸಿರು ಪಕ್ಕೆಗೆ ತಾಗುತ್ತಿತ್ತು. ಅಮೋಸ್ ಕಣ್ಣು ಮುಚ್ಚಿಕೊಂಡ. ಫಿರಂಗಿಯ ಎದುರು ನಿಂತಾಗಲೂ ಅವನು ಇಷ್ಟು ಹೆದರಿರಲಿಲ್ಲ.

“ಏನಯ್ಯಾ, ಏನಿದೆ ಅಲ್ಲಿ?” ಗುಮಾಸ್ತ ಗದರಿದ.

“ಸುಟ್ಟ ಗಾಯ, ಸ್ವಾಮಿ. ಮದ್ದು ಸಿಡಿದಿರೋದು. ಅಷ್ಟೇ.”

ಲೇಖನಿ ಕರಕರ ಓಡಿತು. ಅಂಗಿ ತೊಡುವಾಗ ಅಮೋಸನಿಗೆ ಅಳುವೇ ಬಂತು. ಟ್ರಾಂಟರನ ಕೈ ಹಿಡಿದು, “ನಿನ್ನ ಉಪಕಾರ ಸಾಯೋತನಕ ಮರೆಯಲ್ಲ ಕಣೋ,” ಎಂದು ಪಿಸುಗುಟ್ಟಿದ.

“ಮರೀಬೇಡ,” ಎಂದ ಟ್ರಾಂಟರ್.

ಮಧ್ಯಾಹ್ನ ಕುರಿಮಾಂಸ ಬಡಿಸಿದರು. ಟ್ರಾಂಟರ್ ಕೈ ಚಾಚಿ, ಅಮೋಸನ ತುಂಡನ್ನು ತನ್ನ ತಟ್ಟೆಗೆ ಹಾಕಿಕೊಂಡ. ಎದುರಿಗಿದ್ದವನು ಹುಬ್ಬೇರಿಸಿದ.

“ಇವನಿಗೆ ಹೊಟ್ಟೆ ಸರಿಯಿಲ್ಲ. ಅಲ್ವೇನೋ?” ಎಂದ ಟ್ರಾಂಟರ್.

“ಹೂಂ,” ಎಂದ ಅಮೋಸ್.

ಮರುದಿನ ಬಿಯರಿನ ಮಗ್ಗೂ ಹೋಯಿತು. ಆಮೇಲೆ ಬೆಂಕಿಯ ಪಕ್ಕದ ಕುರ್ಚಿ.

ಭಾನುವಾರ ಗೋಮಾಂಸ, ವಾರಕ್ಕೊಮ್ಮೆ ಸಿಗುವಂಥದ್ದು. ಟ್ರಾಂಟರ್ ಇನ್ನೂ ಬಂದಿರಲಿಲ್ಲ. ಅಮೋಸ್ ತನ್ನ ತುಂಡನ್ನು ತಾನೇ ಎತ್ತಿ ಅವನ ಖಾಲಿ ತಟ್ಟೆಗೆ ಹಾಕಿ, ಎಡತೋಳನ್ನು ಪಕ್ಕೆಗೆ ಒತ್ತಿಕೊಂಡು, ಬಾಗಿಲ ಕಡೆ ನೋಡುತ್ತ ಕುಳಿತ.