ಮಾರ್ಲಾ ಕೊಡದ ಹೆಲ್ಮೆಟ್ಟು

ಕೋಲ್ಬಿ ಸುಮ್ಮನೆ ನಗುತ್ತಿದ್ದ. ಆ ನಗು ಕಂಡೇ ಮಾರ್ಲಾ ಸ್ವೊಬೋಡಾ ಮೈದಾನಕ್ಕೆ ಓಡಿದಳು. ಎದುರು ತಂಡದವನ ಮೊಣಕಾಲು ತಲೆಗೆ ಬಡಿದು ಬಿದ್ದ ಹುಡುಗ, ಎದ್ದವನೇ ಎದುರಾಳಿಗಳ ಸಾಲಿಗೆ ಹೋಗಿ ನಿಂತಿದ್ದ. ಅವಳು ತೋಳು ಹಿಡಿದು ತಂದು ಬೆಂಚಿನ ಮೇಲೆ ಕೂರಿಸಿದಳು.

"ಈಗ ನೆನಪಿಟ್ಕೋ ಅಂತ ಮೂರು ಪದ ಹೇಳಿದ್ನಲ್ಲ, ಹೇಳು ನೋಡೋಣ."

"ಸಕ್ಕರೆ."

"ಆಮೇಲೆ?"

"ಸಕ್ಕರೆನೇ ಮಿಸ್. ಎಷ್ಟು ಸಲ ಹೇಳ್ಲಿ?"

ಮಾರ್ಲಾ ಅವನ ಹೆಲ್ಮೆಟ್ಟನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡಳು. ಆಟಗಾರರ ಆರೈಕೆ ಮಾಡುವ ಅವಳ ಕಸುಬಿನವರು ಪೆಟ್ಟು ತಿಂದ ಆಟಗಾರನ ಮಾತು ನಂಬುವುದಿಲ್ಲ, ಹೆಲ್ಮೆಟ್ಟು ಕಿತ್ತುಕೊಳ್ಳುತ್ತಾರೆ. ಅದಿಲ್ಲದೆ ಅಮೆರಿಕನ್ ಫುಟ್‌ಬಾಲ್ ಮೈದಾನಕ್ಕೆ ಇಳಿಯುವಂತಿಲ್ಲ. ಈ ಪೆಟ್ಟು ಆರುವ ಮುನ್ನ ಇನ್ನೊಂದು ಬಿದ್ದರೆ ಮಿದುಳು ಊದಿ ಹುಡುಗ ಸಾಯಬಹುದು.

ಕೋಚ್ ಹಾರ್ಲನ್ ದಾಪುಗಾಲು ಹಾಕುತ್ತ ಬಂದ. "ಸ್ವೊಬೋಡಾ, ಹುಡುಗನ್ನ ಬಿಡು."

"ಆಗಲ್ಲ ಕೋಚ್. ತಲೆಗೆ ಪೆಟ್ಟಾಗಿದೆ."

"ನಗ್ತಾ ಕೂತಿದಾನಲ್ಲೇ! ಬೆಳಿಗ್ಗೆ ಹೊತ್ತು ಮಕ್ಕಳಿಗೆ ಹಗ್ಗದಾಟ ಆಡ್ಸೋ ಕೆಲಸ ನಿಂಗೆ ಕೊಡ್ಸಿದ್ದು ಯಾರು, ಮರ್ತ್‌ಬಿಟ್ಯಾ?"

ಮರೆತಿರಲಿಲ್ಲ. ಬೆಳಿಗ್ಗೆ ವ್ಯಾಯಾಮದ ಪಾಠ, ಸಂಜೆ ಆಟಗಾರರ ಆರೈಕೆ. ಎರಡನ್ನೂ ಒಬ್ಬಳಿಗೇ ಕೊಡುವ ಶಾಲೆ ನೆಬ್ರಾಸ್ಕಾ ರಾಜ್ಯ ಪೂರ್ತಿ ಹುಡುಕಿದರೂ ಇದೊಂದೇ ಸಿಕ್ಕಿತ್ತು. ವ್ಯಾಯಾಮ ವಿಭಾಗಕ್ಕೂ ಹಾರ್ಲನ್ನೇ ಯಜಮಾನ. ಮುಂದಿನ ವರ್ಷ ಇವಳು ಬೇಡ ಎಂದು ಅವನು ಒಂದು ಮಾತು ಹೇಳಿದರೆ ಸಾಕಿತ್ತು. ಮಾರ್ಲಾ ಹೆಲ್ಮೆಟ್ಟನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

"ಬೇರೆಯವನು ಆಡ್ಲಿ, ಕೋಚ್."

"ಸೋತ್ರೆ ನೀನೇ ಹೋಗಿ ಊರವರಿಗೆ ಉತ್ತರ ಹೇಳು," ಎಂದು ಉಗುಳಿ ಹೋದ.

ಕೋಲ್ಬಿಯ ತಾಯಿಗೆ ಫೋನು ಮಾಡಲು ಅವಳು ಅತ್ತ ತಿರುಗಿದಳು. ಅವರು ಎತ್ತಲಿಲ್ಲ. ಇತ್ತ ತಿರುಗಿದರೆ ಕೋಲ್ಬಿ ಇಲ್ಲ. ಅವನ ಜಾಗದ ಪಕ್ಕ ರಸ್ಟಿ ಎಂಬ ದಢೂತಿ ಹುಡುಗ ಬರಿದಲೆಯಲ್ಲಿ ಕೂತಿದ್ದ.

"ನಿನ್ನ ಹೆಲ್ಮೆಟ್ಟೆಲ್ಲೋ?"

"ಕೋಲ್ಬಿ ಇಸ್ಕೊಂಡ ಮಿಸ್. ನೀವು ಹೂಂ ಅಂದ್ರಂತಲ್ಲ?"

ಮೈದಾನದಲ್ಲಿ ಎರಡೂ ಸಾಲುಗಳು ಬಾಗಿ ನಿಂತಿದ್ದವು. ರಸ್ಟಿಯ ದೊಡ್ಡ ಹೆಲ್ಮೆಟ್ಟು ಕೋಲ್ಬಿಯ ತಲೆಯ ಮೇಲೆ ಲೊಳಲೊಳ ಅಲ್ಲಾಡುತ್ತಿತ್ತು. ಚೆಂಡಿನ ಮೇಲೆ ಕೈಯಿಟ್ಟವನು ಅದನ್ನು ಹಿಂದಕ್ಕೆ ಕೊಟ್ಟರೆ ಸಾಕು, ಎರಡೂ ಸಾಲು ಡಿಕ್ಕಿ ಹೊಡೆಯುತ್ತವೆ.

ಮಾರ್ಲಾ ಕೂಗಿದಳು. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕೈ ತಾನಾಗಿಯೇ ಕೊರಳಿಗೆ ಹೋಯಿತು. ಬೆಳಗಿನ ತರಗತಿಯ ಸೀಟಿ ಅಲ್ಲೇ ನೇತಾಡುತ್ತಿತ್ತು. ಉಸಿರಿದ್ದಷ್ಟು ಊದುತ್ತ ಮೈದಾನದೊಳಕ್ಕೆ ಓಡಿದಳು. ಸೀಟಿ ಯಾರದೆಂದು ನೋಡದೆ ಎಲ್ಲರೂ ನಿಂತರು. ರೆಫರಿ ಅವಳ ಮೇಲೆ ರೇಗಿದ. ಪ್ರೇಕ್ಷಕರು ಹೋ ಎಂದು ಕಿರುಚಿದರು.

ಅವಳು ಕೋಲ್ಬಿಯ ಗದ್ದದ ಪಟ್ಟಿ ಬಿಚ್ಚಿ ಹೆಲ್ಮೆಟ್ಟು ತೆಗೆದಳು. ಹುಡುಗ ಅವಳನ್ನು ದಿಟ್ಟಿಸಿ, "ನೀವ್ಯಾರು?" ಎಂದು ಕೇಳಿದ. ಆಮೇಲೆ ಬಗ್ಗಿ ವಾಂತಿ ಮಾಡಿಕೊಂಡ.

ಹಾರ್ಲನ್ ಬೈಯುತ್ತ ಬಂದವನು ಅಲ್ಲೇ ನಿಂತ.

"ಏನ್ ನೋಡ್ತಿದೀರಿ? ಆಂಬ್ಯುಲೆನ್ಸ್ ಕರೀರಿ!" ಎಂದಳು ಮಾರ್ಲಾ.

ಅವನು ಜೇಬು ತಡಕಾಡಿದ. ಮಾರ್ಲಾ ಕೋಲ್ಬಿಯನ್ನು ಹುಲ್ಲಿನ ಮೇಲೆ ಪಕ್ಕಕ್ಕೆ ಮಲಗಿಸಿ, ಕಣ್ಣುರೆಪ್ಪೆ ಎತ್ತಿ ನೋಡಿದಳು. ಒಂದು ಕಣ್ಣಿನ ಕಪ್ಪು ಬೊಟ್ಟು ಇನ್ನೊಂದಕ್ಕಿಂತ ದೊಡ್ಡದಾಗಿತ್ತು, ತಲೆಬುರುಡೆಯೊಳಗೆ ರಕ್ತ ಸೋರುತ್ತಿರುವುದರ ಗುರುತು.